ಅಳತೆಗೆ ಕೂರದ ಟೀ ಶರ್ಟ್ ಮನೆಯಲ್ಲೇ ಸರಿಮಾಡಿಕೊಳ್ಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಟೀ ಶರ್ಟಿಗೆ ಬರವಿಲ್ಲ. ಓಟದ ಸ್ಪರ್ಧೆಗೆ ಹೆಸರು ಕೊಟ್ಟರೆ ಒಂದು, ಕಾಲೇಜು ಫೆಸ್ಟಿಗೆ ಒಂದು, ಗಣಪತಿ ಕೂರಿಸುವ ಹುಡುಗರ ಕಡೆಯಿಂದ ಒಂದು, ಕಂಪನಿ ಕೊಡುವುದು ಇನ್ನೊಂದು. ನಮ್ಮ ಕೈಗೆ ಬರುವುದು ಮಾತ್ರ ಯಾವಾಗಲೂ ಉಳಿದ ಸೈಜು. ಹೊಲಿಗೆ ಕಲಿಯಲು ಬರುವವರು, ಅಕ್ಕಪಕ್ಕದ ಮನೆಯವರು, ಮಂಡ್ಯದಿಂದ ಫೋನ್ ಮಾಡುವ ನೆಂಟರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೀ ಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ. ನೀವು ಹಾಕುವ ಹೊಲಿಗೆಯೂ ಅದರ ಜೊತೆಗೇ ಹಿಗ್ಗಬೇಕು. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಹುಟ್ಟಿದವು.

ನಮ್ಮ ಬೀದಿ ಟೈಲರ್ "ಟೀ ಶರ್ಟ್ ನಾವು ಮುಟ್ಟಲ್ಲ" ಅಂತಾರೆ. ಯಾಕೆ?

ಅವರ ಮಷಿನ್ ಪ್ಯಾಂಟು, ಅಂಗಿ, ಬ್ಲೌಸಿಗೆ ಹೊಂದಿಸಿಟ್ಟದ್ದು. ಅವೆಲ್ಲ ಮಗ್ಗದಲ್ಲಿ ನೇಯ್ದ ಬಟ್ಟೆ. ಹಾಸು, ಹೊಕ್ಕು ಎರಡೂ ಬಿಗಿಯಾಗಿ ಕೂತಿರುತ್ತವೆ, ಎಳೆದರೂ ಅಷ್ಟಾಗಿ ಬರುವುದಿಲ್ಲ. ಟೀ ಶರ್ಟ್ ಬಟ್ಟೆ ನೇಯ್ದದ್ದಲ್ಲ, ಕುಣಿಕೆಗೆ ಕುಣಿಕೆ ಸಿಕ್ಕಿಸಿ ಹೆಣೆದದ್ದು. ಅಂಗಡಿಯಲ್ಲಿ ಹೊಸೈರಿ ಬಟ್ಟೆ ಅಥವಾ ಬನಿಯನ್ ಬಟ್ಟೆ ಅನ್ನುತ್ತಾರಲ್ಲ, ಅದೇ ಜಾತಿ. ಇದಕ್ಕಾಗಿ ಸೂಜಿ ಬದಲಿಸಬೇಕು, ಒತ್ತಡ ಸಡಿಲಿಸಬೇಕು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಬೇಕು. ಒಂದು ಟೀ ಶರ್ಟಿನ ಕೂಲಿಗೆ ಇಷ್ಟೆಲ್ಲ ಯಾರು ಮಾಡ್ತಾರೆ? ಮದುವೆ ಸೀಸನ್‌ನಲ್ಲಂತೂ ಕೇಳಲೇಬೇಡಿ. ಮನೆಯಲ್ಲಿ ಮಾಡಿಕೊಳ್ಳುವವರಿಗೆ ಆ ಅವಸರ ಇಲ್ಲ.

ಹೊಸ ಟೀ ಶರ್ಟ್ ದೊಡ್ಡದಾಗಿದೆ. ಇವತ್ತೇ ಕತ್ತರಿಸಲಾ?

ಬೇಡ. ಮೊದಲು ಒಗೆಯಿರಿ. ಹತ್ತಿ ಟೀ ಶರ್ಟ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಅದೂ ಉದ್ದದಲ್ಲಿ ಜಾಸ್ತಿ. ನೂರಕ್ಕೆ 5ರಷ್ಟು ಕುಗ್ಗಿತು ಅಂತಲೇ ಇಟ್ಟುಕೊಳ್ಳಿ. 28 ಇಂಚು ಉದ್ದದ ಶರ್ಟಿನಲ್ಲಿ ಸುಮಾರು ಒಂದೂವರೆ ಇಂಚು ಹೋಯಿತು. ನೀವು ಮೊದಲೇ ಒಂದೂವರೆ ಇಂಚು ಕತ್ತರಿಸಿದ್ದರೆ ಕೈ ಎತ್ತಿದಾಗ ಹೊಟ್ಟೆ ಕಾಣುತ್ತದೆ, ಅಷ್ಟೇ.

ದಿನಾ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ಹಾಕಿಕೊಂಡು ನೋಡಿ. ಎರಡು ಸಲ ಒಗೆದರೆ ಇನ್ನೂ ಒಳ್ಳೆಯದು. ಕೆಲವು ಕಂಪನಿಗಳು ಮೊದಲೇ ಕುಗ್ಗಿಸಿದ ಬಟ್ಟೆ ಬಳಸುತ್ತವೆ, ಅಲ್ಲಿ ವ್ಯತ್ಯಾಸ ಕಡಿಮೆ. ಪಾಲಿಯೆಸ್ಟರ್ ಆದರೆ ಕುಗ್ಗುವ ಮಾತೇ ಇಲ್ಲ, ನೇರ ಕೆಲಸಕ್ಕೆ ಕೂರಬಹುದು.

ಯಾವುದು ಸುಲಭ, ಯಾವುದು ಕಷ್ಟ?

ಪಕ್ಕ ಹಿಡಿಯುವುದು, ಅಂದರೆ ಎರಡೂ ಪಕ್ಕ ಒಳಗೆ ಹೊಲಿದು ಅಗಲ ಕಡಿಮೆ ಮಾಡುವುದು, ಸುಲಭ. ತೋಳಿನ ಉದ್ದ, ಕೆಳಗಿನ ಉದ್ದ ಕಡಿಮೆ ಮಾಡುವುದೂ ಸುಲಭ. ಕುತ್ತಿಗೆಗೆ ಸ್ವಲ್ಪ ತಾಳ್ಮೆ ಬೇಕು. ಭುಜ ಕಷ್ಟ. ಹಾಗಾಗಿ ಅಂಗಡಿಯಲ್ಲಿ ಎರಡು ಸೈಜು ಮುಂದಿಟ್ಟರೆ ಭುಜ ಸರಿಯಾಗಿ ಕೂರುವುದನ್ನೇ ಆರಿಸಿ. ಹೊಟ್ಟೆಯ ಹತ್ತಿರ ಎಷ್ಟು ಸಡಿಲ ಇದ್ದರೂ ಚಿಂತೆಯಿಲ್ಲ.

ಮಷಿನ್ ಇಲ್ಲ. ಕೈಯಲ್ಲಿ ಹೊಲಿದರೆ ನಿಲ್ಲುತ್ತಾ?

ನಿಲ್ಲುತ್ತದೆ, ಹಿಂದಕ್ಕೆ ಬಂದು ಮುಂದಕ್ಕೆ ಹೋಗುವ ಹೊಲಿಗೆ ಹಾಕಿದರೆ. ಸೂಜಿಯನ್ನು ಮೇಲೆ ತನ್ನಿ, ಒಂದು ಹೆಜ್ಜೆ ಹಿಂದೆ ಚುಚ್ಚಿ, ಎರಡು ಹೆಜ್ಜೆ ಮುಂದೆ ತೆಗೆಯಿರಿ. ಸುಮ್ನೆ ಮೇಲೆ ಕೆಳಗೆ ಹೋಗುವ ಕಚ್ಚಾ ಹೊಲಿಗೆ ಹಾಕಿದರೆ ಎಳೆದ ತಕ್ಷಣ ದಾರ ಪಟ್ ಅನ್ನುತ್ತದೆ, ಇಲ್ಲವೇ ಬಟ್ಟೆ ನೆರಿಗೆಯಾಗುತ್ತದೆ. ಹಿಂದೆ ಮುಂದೆ ಹೋಗುವ ಹೊಲಿಗೆಯಲ್ಲಿ ದಾರ ಜಾಸ್ತಿ ಕೂತಿರುವುದರಿಂದ ಹಿಗ್ಗಲು ಜಾಗ ಇರುತ್ತದೆ.

ದಾರವನ್ನು ಬಿಗಿಯಾಗಿ ಎಳೆಯಬೇಡಿ. ಐದಾರು ಹೊಲಿಗೆಗೊಮ್ಮೆ ಬಟ್ಟೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಗ್ಗಿಸಿ ಬಿಡಿ. ದಾರ ತಾನೇ ಜಾಗ ಮಾಡಿಕೊಳ್ಳುತ್ತದೆ. ಒಂದು ಶರ್ಟಿನ ಎರಡೂ ಪಕ್ಕ ಹಿಡಿಯಲು ಒಂದು ಮಧ್ಯಾಹ್ನ ಸಾಕು, ಟಿವಿ ನೋಡುತ್ತಲೇ ಮುಗಿಸಬಹುದು.

ಮನೆಯಲ್ಲಿ ಅಜ್ಜಿ ಕಾಲದ ಕಪ್ಪು ಮಷಿನ್ ಇದೆ. ನೇರ ಹೊಲಿಗೆ ಮಾತ್ರ ಬೀಳುತ್ತೆ. ಅದರಲ್ಲಿ ಆಗುತ್ತಾ?

ಆಗುತ್ತದೆ, ಆದರೆ ಎಲ್ಲ ಕಡೆ ಅಲ್ಲ.

ಟೀ ಶರ್ಟನ್ನು ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆಯಿರಿ, ಆಮೇಲೆ ಉದ್ದಕ್ಕೆ ಎಳೆಯಿರಿ. ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಿಲ್ಲ. ಪಕ್ಕದ ಹೊಲಿಗೆ ಹೋಗುವುದು ಉದ್ದಕ್ಕೆ. ಹಾಗಾಗಿ ಅಲ್ಲಿ ನೇರ ಹೊಲಿಗೆ ಬದುಕಿಕೊಳ್ಳುತ್ತದೆ. ಕುತ್ತಿಗೆ, ತೋಳಿನ ಬಾಯಿ, ಕೆಳಗಿನ ಅಂಚು ಅಡ್ಡಕ್ಕೆ ಇರುತ್ತವೆ. ಅದರಲ್ಲೂ ಕುತ್ತಿಗೆಯೊಳಗೆ ತಲೆ ತೂರಬೇಕು. ಅಲ್ಲಿ ನೇರ ಹೊಲಿಗೆ ಹಾಕಿದರೆ ಮೊದಲ ಸಲ ಹಾಕಿಕೊಳ್ಳುವಾಗಲೇ ಕಿತ್ತು ಬರುತ್ತದೆ. ಕುತ್ತಿಗೆಯನ್ನು ಕೈಯಲ್ಲೇ ಹೊಲಿಯಿರಿ, ಅಥವಾ ಜಿಗ್‌ಜಾಗ್, ಅಂದರೆ ಅಂಕುಡೊಂಕು ಹೊಲಿಗೆ ಬೀಳುವ ಮಷಿನ್ ಇರುವವರ ಹತ್ತಿರ ಹೋಗಿ.

ಕಪ್ಪು ಮಷಿನ್‌ನಲ್ಲಿ ಹೊಲಿಯುವಾಗ ನಾಲ್ಕು ವಿಷಯ ನೋಡಿಕೊಳ್ಳಿ. ಹೊಲಿಗೆ ಸಣ್ಣದಿರಲಿ, ಇಂಚಿಗೆ 12ರಷ್ಟು. ಮೇಲಿನ ದಾರದ ಬಿಗಿ ಸ್ವಲ್ಪ ಸಡಿಲವಿರಲಿ. ಮಷಿನ್ ತಲೆಯ ಎಡಗಡೆ, ಬಟ್ಟೆಯನ್ನು ಅದುಮಿ ಹಿಡಿಯುವ ಫುಟ್‌ನ ಕಂಬಿಯ ಮೇಲ್ತುದಿಯಲ್ಲಿ ತಿರುಗಿಸುವ ತಿರುಪು ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿದರೆ ಫುಟ್ ಬಟ್ಟೆಯನ್ನು ಅಷ್ಟು ಅದುಮುವುದಿಲ್ಲ. ಕೊನೆಯದಾಗಿ, ಹೊಲಿಯುವಾಗ ಬಟ್ಟೆಯನ್ನು ಮುಂದೆ ಹಿಂದೆ ಎರಡೂ ಕಡೆ ಹಿಡಿದು ಒಂಚೂರು ಹಿಗ್ಗಿಸಿಕೊಂಡೇ ಹೊಲಿಯಿರಿ. ಒಂಚೂರು ಮಾತ್ರ. ಜಾಸ್ತಿ ಎಳೆದರೆ ಹೊಲಿಗೆ ಅಲೆ ಅಲೆಯಾಗುತ್ತದೆ.

ಜಿಗ್‌ಜಾಗ್ ಇರುವ ಮಷಿನ್ ಆದರೆ ಇಷ್ಟು ಕಸರತ್ತು ಬೇಡ. ಹೊಲಿಗೆಯ ಅಗಲ 1, ಉದ್ದ 2.5 ಮಿಲಿಮೀಟರ್ ಇಟ್ಟುಕೊಳ್ಳಿ. ಕಣ್ಣಿಗೆ ನೇರ ಹೊಲಿಗೆಯಂತೆಯೇ ಕಾಣುತ್ತದೆ, ಎಳೆದರೆ ಹಿಗ್ಗುತ್ತದೆ.

ಸೂಜಿ ಯಾವುದು? ಮಷಿನ್‌ನಲ್ಲಿ ಇದ್ದದ್ದೇ ಸಾಕಲ್ವಾ?

ಇದರಲ್ಲಿ ಜಿಪುಣತನ ಬೇಡ. ಸಾಮಾನ್ಯ ಸೂಜಿಯ ಮೊನೆ ಚೂಪು. ಅದು ಹೆಣಿಗೆಯ ಎಳೆಯನ್ನೇ ಕತ್ತರಿಸಿಬಿಡಬಹುದು. ಆಗ ಏನೂ ಕಾಣುವುದಿಲ್ಲ. ಎರಡು ಸಲ ಒಗೆದ ಮೇಲೆ ಹೊಲಿಗೆ ಪಕ್ಕದಲ್ಲಿ ಸಾಲಾಗಿ ಸಣ್ಣ ತೂತು ಶುರುವಾಗುತ್ತದೆ. ಬಾಲ್ ಪಾಯಿಂಟ್ ಸೂಜಿಯ ಮೊನೆ ಸ್ವಲ್ಪ ಗುಂಡಗೆ. ಅದು ಎಳೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ.

ನಂಬರ್ 11 ಕೇಳಿ. ಪೊಟ್ಟಣದ ಮೇಲೆ 75/11 ಅಂತ ಇರುತ್ತದೆ. 75 ಅಂದರೆ ಸೂಜಿಯ ದಪ್ಪ 0.75 ಮಿಲಿಮೀಟರ್. ದಪ್ಪ ಬಟ್ಟೆಗೆ 14. ಟೈಲರ್‌ಗಳು ಸಾಮಾನ್ಯವಾಗಿ ಬಳಸುವ 16 ಇದಕ್ಕೆ ಬೇಡ. ಮನೆ ಮಷಿನ್‌ನ ಸೂಜಿಯ ಮೇಲ್ತುದಿ ಒಂದು ಕಡೆ ಚಪ್ಪಟೆ ಇರುತ್ತದೆ, ಗಾರ್ಮೆಂಟ್ಸ್‌ನ ಪವರ್ ಮಷಿನ್ ಸೂಜಿಯದ್ದು ಗುಂಡಗೆ. ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕೈ ಹೊಲಿಗೆಗೆ ಸಣ್ಣ ಸೂಜಿ ಯಾವುದಾದರೂ ಆದೀತು.

ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ಬಟ್ಟೆಗೆ ಹತ್ತಿ ದಾರ ಅಂತ ಹಲವರು ಅಂದುಕೊಳ್ಳುತ್ತಾರೆ. ಹತ್ತಿ ದಾರ ಹಿಗ್ಗುವುದೇ ಇಲ್ಲ, ಮೊದಲು ತುಂಡಾಗುವುದು ಅದೇ.

ಹೊಲಿಗೆ ಮಧ್ಯೆ ಮಧ್ಯೆ ಬಿಟ್ಟು ಬಿಟ್ಟು ಬೀಳುತ್ತಿದೆ.

ಸೂಜಿ ಬದಲಿಸಿ. ನೂರಕ್ಕೆ ತೊಂಬತ್ತು ಸಲ ಕಾರಣ ಅದೇ. ಬದಲಿಸಿದ ಮೇಲೂ ಹಾಗೇ ಆದರೆ ಸೂಜಿ ಪೂರ್ತಿ ಮೇಲಕ್ಕೆ ಕೂತಿದೆಯಾ, ಚಪ್ಪಟೆ ಭಾಗ ಸರಿಯಾದ ಕಡೆ ಇದೆಯಾ ನೋಡಿ.

ಎಷ್ಟು ಒಳಗೆ ಹಿಡಿಯಬೇಕು? ಲೆಕ್ಕ ತಪ್ಪುತ್ತಿದೆ.

ಎಲ್ಲರೂ ಎಡವುವ ಜಾಗ ಇದು. ಒಂದು ಪಕ್ಕದಲ್ಲಿ 1 ಇಂಚು ಒಳಗೆ ಹೊಲಿದಿರಿ ಅನ್ನಿ. ಮುಂದಿನ ಪದರದಲ್ಲಿ 1, ಹಿಂದಿನ ಪದರದಲ್ಲಿ 1, ಅಲ್ಲಿಗೆ 2 ಇಂಚು ಹೋಯಿತು. ಇನ್ನೊಂದು ಪಕ್ಕದಲ್ಲೂ ಅಷ್ಟೇ. ಸುತ್ತಳತೆಯಲ್ಲಿ ಒಟ್ಟು 4 ಇಂಚು ಮಾಯ. "ಒಂದೇ ಇಂಚು ಹಿಡಿದದ್ದು, ಈಗ ಹಾಕೋಕೇ ಆಗ್ತಿಲ್ಲ" ಅನ್ನುವವರ ಕಥೆ ಇದೇ.

ಹಾಗಾಗಿ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಅದಕ್ಕೆ 3 ಇಂಚು ಸೇರಿಸಿ. ಮೈಗೆ ಅಂಟಿದಂತೆ ಬೇಕಾದರೆ 2, ಆರಾಮಾಗಿ ಬೇಕಾದರೆ 4. ಶರ್ಟಿನ ಸುತ್ತಳತೆಯಿಂದ ಇದನ್ನು ಕಳೆಯಿರಿ. ಬಂದದ್ದನ್ನು 4ರಿಂದ ಭಾಗಿಸಿ. ನಿಮ್ಮ ಎದೆ 36, ಶರ್ಟ್ 44 ಇದೆ ಅಂದರೆ, 36 ಕೂಡಿಸು 3, 39. 44ರಲ್ಲಿ 39 ಕಳೆದರೆ 5. ನಾಲ್ಕರಿಂದ ಭಾಗಿಸಿದರೆ ಒಂದೂಕಾಲು ಇಂಚು. ಪ್ರತಿ ಪಕ್ಕದಲ್ಲಿ ಗುರುತು ಹಾಕಬೇಕಾದದ್ದು ಅಷ್ಟು.

ಟೇಪು ಇಲ್ಲವೇ? ನಿಮಗೆ ಸರಿಯಾಗಿ ಕೂರುವ ಹಳೆಯ ಟೀ ಶರ್ಟ್ ಒಂದು ಇದ್ದೇ ಇರುತ್ತದೆ. ಅದೇ ಅಳತೆ.

ಪಕ್ಕ ಹಿಡಿಯುವುದು ಹೇಗೆ ಅಂತ ಒಂದೊಂದಾಗಿ ಹೇಳಿ.

ದೊಡ್ಡ ಶರ್ಟನ್ನು ಉಲ್ಟಾ ಮಾಡಿ ಚಾಪೆಯ ಮೇಲೋ ಮೇಜಿನ ಮೇಲೋ ಹಾಸಿ. ಹಾಸಿಗೆ ಮೇಲೆ ಬೇಡ, ಬಟ್ಟೆ ಜರುಗುತ್ತದೆ. ಸುಕ್ಕು ಬಿಡಿಸಿ. ಎಳೆಯಬೇಡಿ, ಅಂಗೈಯಲ್ಲಿ ಸವರಿ. ಸರಿಯಾಗಿ ಕೂರುವ ಶರ್ಟನ್ನು ಅದರ ಮೇಲೆ ಇಡಿ. ಎರಡರ ಭುಜದ ಹೊಲಿಗೆ, ಕುತ್ತಿಗೆಯ ನಡು ಒಂದರ ಮೇಲೊಂದು ಬರಲಿ.

ಈಗ ಪಕ್ಕದಲ್ಲಿ ಗುರುತು. ಟೈಲರ್ ಚಾಕ್ ಇದ್ದರೆ ಸರಿ, ಇಲ್ಲದಿದ್ದರೆ ಬಚ್ಚಲಲ್ಲಿ ಸವೆದು ಒಣಗಿದ ಸೋಪಿನ ಚೂರು ತೆಗೆದುಕೊಳ್ಳಿ. ಕಪ್ಪು, ನೀಲಿ ಬಟ್ಟೆಯ ಮೇಲೆ ಚಾಕಿಗಿಂತ ಚೆನ್ನಾಗಿ ಕಾಣುತ್ತದೆ, ಒಗೆದರೆ ಹೋಗುತ್ತದೆ. ಬಾಲ್ ಪೆನ್ ಮಾತ್ರ ಬೇಡ.

ಗುರುತನ್ನು ತೋಳಿನ ಬಾಯಿಯಿಂದಲೇ ಶುರು ಮಾಡಿ. ತೋಳಿನ ಕೆಳಗೆ ಬಂದು, ಕಂಕುಳಲ್ಲಿ ತಿರುಗಿ, ಪಕ್ಕದಲ್ಲಿ ಇಳಿದು, ಕೆಳಗಿನ ಅಂಚಿನವರೆಗೆ ಒಂದೇ ಗೆರೆ. ಕಂಕುಳಲ್ಲಿ ಚೂಪಾದ ಮೂಲೆ ಬರಬಾರದು, ಬಾಗಿ ಬರಬೇಕು. ಅಲ್ಲಿ ಮೂಲೆ ಮಾಡಿದರೆ ಕೈ ಎತ್ತಿದಾಗಲೆಲ್ಲ ಶರ್ಟ್ ಎಳೆಯುತ್ತದೆ.

ಹೆಂಗಸರ ಮೈಕಟ್ಟಿಗೆ ಗಂಡಸರ ಶರ್ಟ್ ಹೊಂದಿಸುವುದಾದರೆ ಸೊಂಟದ ಹತ್ತಿರ ಜಾಸ್ತಿ ಒಳಗೆ ಬಂದು, ಕೆಳಗೆ ಹೋಗುತ್ತ ಮತ್ತೆ ಹೊರಗೆ ಬನ್ನಿ. ಕೆಳಗಿನ ಅಂಚಿನಲ್ಲಿ ಹಿಪ್‌ನ ಅಳತೆ ಸಿಗಬೇಕು. ಎದೆಯ ಅಳತೆಯಲ್ಲೇ ನೇರ ಇಳಿಸಿದರೆ ಶರ್ಟ್ ಮೇಲೆ ಮೇಲೆ ಸುತ್ತಿಕೊಂಡು ಬರುತ್ತದೆ.

ಗುಂಡುಪಿನ್ನನ್ನು ಗೆರೆಗೆ ಅಡ್ಡವಾಗಿ ಚುಚ್ಚಿ. ಗೆರೆಯ ಮೇಲೆ ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಹಾಕಿಕೊಂಡು ನೋಡಿ. ಕೈ ಎತ್ತಿ, ಕೂತು, ಬಗ್ಗಿ ನೋಡಿ. ಸಾಲದಿದ್ದರೆ ಇನ್ನೊಂಚೂರು, ಬಿಗಿಯಾದರೆ ಬಿಚ್ಚಿ ಹೊರಗೆ. ಈ ಹಂತ ಬಿಟ್ಟು ನೇರ ಮಷಿನ್‌ಗೆ ಹೋಗುವವರು ಆಮೇಲೆ ಬ್ಲೇಡ್ ಹಿಡಿದು ಕೂರುತ್ತಾರೆ.

ಸರಿ ಅನ್ನಿಸಿದ ಮೇಲೆ ಹೊಲಿಯಿರಿ. ಶುರುವಿನಲ್ಲಿ, ಕೊನೆಯಲ್ಲಿ ಎರಡು ಮೂರು ಹೊಲಿಗೆ ಹಿಂದಕ್ಕೆ ಹೋಗಿ ಗಟ್ಟಿ ಮಾಡಿ. ಒಂದು ಸಲ ಒಗೆದು ಹಾಕಿಕೊಂಡ ಮೇಲೆ ಉಳಿದ ಬಟ್ಟೆಯನ್ನು ಅರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿ. ಅವಸರ ಏನಿಲ್ಲ, ಒಳಗೆ ತಾನೇ ಇರುವುದು. ಹಳೆಯ ಹೊಲಿಗೆ ಬಿಚ್ಚುವ ಕೆಲಸವೇ ಬರುವುದಿಲ್ಲ, ಅದು ಕತ್ತರಿಸಿದ ತುಂಡಿನಲ್ಲಿ ಹೋಗುತ್ತದೆ.

ಕೆಲವು ಟೀ ಶರ್ಟಿಗೆ ಪಕ್ಕದಲ್ಲಿ ಹೊಲಿಗೆಯೇ ಇರುವುದಿಲ್ಲ. ಬಟ್ಟೆಯನ್ನು ಕೊಳವೆಯಂತೆ ಸುತ್ತಲೂ ಹೆಣೆದಿರುತ್ತಾರೆ. ಗಾಬರಿ ಬೇಡ, ಕೆಲಸ ಅದೇ. ಮಡಿಸಿ ಮೊದಲು ಪಕ್ಕ ಎಲ್ಲಿ ಬರುತ್ತದೆ ಅಂತ ಗುರುತು ಮಾಡಿಕೊಳ್ಳಿ.

ಅಂಚಿಗೆ ಓವರ್‌ಲಾಕ್ ಮಾಡಿಸಲೇಬೇಕಾ?

ಓವರ್‌ಲಾಕ್ ಅಂದರೆ ಕತ್ತರಿಸಿದ ಅಂಚಿಗೆ ದಾರ ಸುತ್ತಿ ಹೊಲಿಯುವುದು. ಮಾಡಿಸಿದರೆ ಅಚ್ಚುಕಟ್ಟು, ಮಾಡಿಸದಿದ್ದರೂ ನಷ್ಟವಿಲ್ಲ. ಹೆಣೆದ ಬಟ್ಟೆ ನೇಯ್ದ ಬಟ್ಟೆಯಂತೆ ನೂಲು ಬಿಡುವುದಿಲ್ಲ. ಕತ್ತರಿಸಿದ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಅಷ್ಟೇ. ಬೇಕಾದರೆ ಮೊದಲ ಹೊಲಿಗೆಯಿಂದ ಕಾಲಿಂಚು ಆಚೆ ಇನ್ನೊಂದು ಹೊಲಿಗೆ ಹಾಕಿಬಿಡಿ.

ಸೀರೆಗೆ ಫಾಲ್ಸ್, ಪೀಕೋ ಮಾಡುವ ಅಂಗಡಿಗಳಲ್ಲಿ ಓವರ್‌ಲಾಕ್ ಮಷಿನ್ ಸಾಮಾನ್ಯವಾಗಿ ಇರುತ್ತದೆ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥ ಅಂಗಡಿ ಒಂದಾದರೂ ಕಾಣುತ್ತದೆ. ಹೊಲಿದು, ಹಾಕಿ ನೋಡಿ, ಆಮೇಲೆ ಕೊಡಿ. ಓವರ್‌ಲಾಕ್ ಮಷಿನ್ ಹೊಲಿಯುವಾಗಲೇ ಅಂಚನ್ನು ಕತ್ತರಿಸಿಕೊಂಡು ಹೋಗುತ್ತದೆ, ಹಿಂದಕ್ಕೆ ಬರುವ ದಾರಿ ಇಲ್ಲ. ಮಂಡ್ಯದವರಿಗೆ ಇನ್ನೊಂದು ಅನುಕೂಲ ಇದೆ. ಮದ್ದೂರು, ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಿಮ್ಮ ಬೀದಿಯಲ್ಲೇ ಇರಬಹುದು. ಓವರ್‌ಲಾಕ್, ಫ್ಲಾಟ್‌ಲಾಕ್ (ಟೀ ಶರ್ಟಿನ ಅಂಚಿಗೆ ಹಾಕುವ ಎರಡು ಸಾಲು ಹೊಲಿಗೆ) ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ಅಂಗಡಿ ಟೈಲರ್‌ಗೂ ಗೊತ್ತಿರುವುದಿಲ್ಲ. ಅವರನ್ನೇ ಕೇಳಿ.

ಭುಜ ತೋಳಿನ ಮೇಲೆ ಇಳಿದು ಕೂತಿದೆ. ಸರಿಮಾಡಬಹುದಾ?

ಮಾಡಬಹುದು. ಆದರೆ ಮೊದಲ ಟೀ ಶರ್ಟಿಗೇ ಇದನ್ನು ಹಿಡಿಯಬೇಡಿ. ಮೂರ್ನಾಲ್ಕಕ್ಕೆ ಪಕ್ಕ ಹಿಡಿದು ಕೈ ಕುದುರಿದ ಮೇಲೆ ನೋಡಿ. ಇಳಿದ ಭುಜವೇ ಈಗ ಫ್ಯಾಷನ್ ಅಂತ ಕಾಲೇಜು ಮಕ್ಕಳು ಬೇಕಂತಲೇ ದೊಡ್ಡದು ಕೊಳ್ಳುತ್ತಾರೆ ಅನ್ನುವುದೂ ನೆನಪಿರಲಿ. ಬಿಟ್ಟುಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ.

ಮಾಡುವುದಾದರೆ, ತೋಳನ್ನು ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ ತೆಗೆಯಿರಿ. ಪಕ್ಕದ ಹೊಲಿಗೆಯನ್ನೂ, ತೋಳಿನ ಕೆಳಗಿನ ಹೊಲಿಗೆಯನ್ನೂ ಕತ್ತರಿಸಿ ಬಿಡಿಸಿ. ಈಗ ಶರ್ಟ್ ಭುಜದಲ್ಲಿ ಮಾತ್ರ ಕೂಡಿಕೊಂಡಿರುತ್ತದೆ, ತೋಳು ಚಪ್ಪಟೆ ತುಂಡಾಗಿರುತ್ತದೆ. ಕೂರುವ ಶರ್ಟನ್ನು ಮೇಲಿಟ್ಟು ಅದರ ತೋಳನ್ನು ಒಳಗೆ ಮಡಚಿ, ಭುಜದ ತುದಿಯಿಂದ ಕಂಕುಳವರೆಗೆ ಬಾಗು ಗೆರೆ ಎಳೆಯಿರಿ. ಗೆರೆಯಿಂದ ಹೊರಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಒಂದು ಕಡೆ ಕತ್ತರಿಸಿದ ತುಂಡನ್ನೇ ಇನ್ನೊಂದು ಕಡೆಗೆ ತಿರುವಿ ಇಟ್ಟು ಅಳತೆ ಮಾಡಿ, ಎರಡೂ ಭುಜ ಒಂದೇ ಸಮ ಬರುತ್ತದೆ.

ತೋಳಿನ ಮೇಲಿನ ನಡುಭಾಗವನ್ನು ಭುಜದ ಹೊಲಿಗೆಗೆ ಸೇರಿಸಿ ಪಿನ್ನು ಹಾಕಿ. ಎರಡು ತುದಿಗಳನ್ನು ಕಂಕುಳ ಎರಡು ತುದಿಗಳಿಗೆ. ಆಮೇಲೆ ಮಧ್ಯಕ್ಕೆ ಮಧ್ಯ. ಅರ್ಧ ಇಂಚು ಹೆಚ್ಚು ಕಡಿಮೆ ಇದ್ದರೆ ಚಿಕ್ಕದನ್ನು ಹಿಗ್ಗಿಸಿಕೊಂಡು ಹೊಲಿದರೆ ಸರಿಹೋಗುತ್ತದೆ. ಹಿಗ್ಗುವ ಬಟ್ಟೆ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ತೋಳಿನ ಎರಡು ತುದಿಗಳನ್ನು ಸಮ ಸಮ ಕತ್ತರಿಸಿ. ತೋಳು ಕೂಡಿದ ಮೇಲೆ, ತೋಳಿನ ಬಾಯಿಯಿಂದ ಕೆಳಗಿನ ಅಂಚಿನವರೆಗೆ ಒಂದೇ ಹೊಲಿಗೆ. ಗುಂಡಗೆ ಮುಚ್ಚಿದ ರಂಧ್ರಕ್ಕೆ ಗುಂಡಗಿನ ತೋಳು ಕೂರಿಸಲು ಒದ್ದಾಡುವುದಕ್ಕಿಂತ ಹೀಗೆ ಚಪ್ಪಟೆಯಾಗಿ ಮಾಡುವುದು ಎಷ್ಟೋ ವಾಸಿ.

ಭುಜದ ಹೊಲಿಗೆಯ ಒಳಗೆ ಒಂದು ಸಣ್ಣ ಪಟ್ಟಿ ಹೊಲಿದಿರುತ್ತಾರೆ. ಭುಜ ಜೋತು ಬೀಳದಂತೆ ಹಿಡಿದಿಡುವುದು ಅದು. ಅದನ್ನು ಎಳೆದು ತೆಗೆಯಬೇಡಿ.

ಉದ್ದ ಜಾಸ್ತಿ. ಕತ್ತರಿಸಿ ಮಡಿಸಿ ಹೊಲಿದರೆ ಅಂಚು ಅಲೆ ಅಲೆ ಆಗುತ್ತೆ.

ಫುಟ್ ಮೇಲಿನ ಪದರವನ್ನು ಮುಂದಕ್ಕೆ ದೂಡುತ್ತದೆ, ಬಟ್ಟೆಯನ್ನು ಸಾಗಿಸುವ ಕೆಳಗಿನ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ. ಮಧ್ಯೆ ಸಿಕ್ಕಿಕೊಂಡ ಬಟ್ಟೆ ಹಿಗ್ಗಿ, ಹಿಗ್ಗಿದ ಜಾಗದಲ್ಲೇ ಹೊಲಿಗೆ ಕೂರುತ್ತದೆ. ಅದಕ್ಕೇ ಅಲೆ. ಫುಟ್‌ನ ಒತ್ತಡ ಕಡಿಮೆ ಮಾಡಿ. ಬಟ್ಟೆ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಕಾಗದದ ಸಮೇತ ಹೊಲಿದು, ಆಮೇಲೆ ಹರಿದು ತೆಗೆಯಿರಿ. ನ್ಯೂಸ್ ಪೇಪರ್ ಆಗುತ್ತದೆ, ಆದರೆ ಬಿಳಿ ಶರ್ಟಿಗೆ ಮಸಿ ಹತ್ತುತ್ತದೆ, ನೋಡಿಕೊಳ್ಳಿ. ಆಗಲೇ ಅಲೆಯಾಗಿದ್ದರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಯನ್ನು ಒತ್ತಿ ಒತ್ತಿ ಎತ್ತಿ, ಉಜ್ಜಬೇಡಿ. ಹತ್ತಿಯಾದರೆ ಬಹಳ ಮಟ್ಟಿಗೆ ಕೂರುತ್ತದೆ.

ಬೇಕಾದ ಉದ್ದಕ್ಕಿಂತ 1 ಇಂಚು ಕೆಳಗೆ ಕತ್ತರಿಸಿ, ಒಂದೇ ಮಡಿಕೆ ಮಡಿಸಿ. ಎರಡು ಮಡಿಕೆ ಮಡಿಸಿದರೆ ದಪ್ಪವಾಗಿ ನಿಲ್ಲುತ್ತದೆ. ಕಂಪನಿ ಟೀ ಶರ್ಟಿನ ಅಂಚಿನಲ್ಲಿ ಎರಡು ಸಾಲು ಹೊಲಿಗೆ ಕಾಣುತ್ತದಲ್ಲ, ಅದು ಫ್ಲಾಟ್‌ಲಾಕ್ ಮಷಿನ್‌ನದು. ಜಿಗ್‌ಜಾಗ್ ಮಷಿನ್ ಇದ್ದರೆ ಜೋಡಿ ಸೂಜಿ ಹಾಕಿ ಹೆಚ್ಚು ಕಡಿಮೆ ಹಾಗೇ ಮಾಡಬಹುದು. ಮೇಲೆ ಎರಡು ಸಾಲು, ಕೆಳಗೆ ಬಾಬಿನ್ ದಾರ ಅಂಕುಡೊಂಕಾಗಿ ಬಂದು ಹಿಗ್ಗುತ್ತದೆ. ಕಪ್ಪು ಮಷಿನ್‌ಗೆ ಜೋಡಿ ಸೂಜಿ ಹಾಕಲೇಬೇಡಿ. ಅದರ ತಗಡಿನಲ್ಲಿ ಇರುವುದು ಒಂದೇ ಸಣ್ಣ ತೂತು, ಸೂಜಿ ಮುರಿದು ಮುಖಕ್ಕೆ ಹಾರುತ್ತದೆ.

ಮನೆಯಲ್ಲಿ ಹಾಕುವುದಕ್ಕಾದರೆ ಅಂಚು ಹೊಲಿಯದೆ ಹಾಗೇ ಬಿಡಿ. ಹೊರಮುಖವಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಅದೂ ಚೆನ್ನಾಗೇ ಇರುತ್ತದೆ.

ಕುತ್ತಿಗೆ ಜೋತು ಬಿದ್ದಿದೆ. ಬಿಗಿ ಮಾಡುವುದು ಹೇಗೆ?

ಕುತ್ತಿಗೆಯ ಸುತ್ತ ಗೆರೆ ಗೆರೆ ಹೆಣಿಗೆಯ, ಚೆನ್ನಾಗಿ ಹಿಗ್ಗುವ ಪಟ್ಟಿ ಇರುತ್ತದಲ್ಲ, ಅದೇ ರಿಬ್. ಹಳೆಯ ರಿಬ್ ಪಟ್ಟಿಯನ್ನು ತೆಗೆದು, ಹೊಸ ಪಟ್ಟಿಯನ್ನು ಅಳತೆಗಿಂತ ಚಿಕ್ಕದಾಗಿ ಕತ್ತರಿಸಿ, ಹಿಗ್ಗಿಸಿಕೊಂಡು ಹೊಲಿಯಬೇಕು. ಪಟ್ಟಿ ಮತ್ತೆ ಕುಗ್ಗಿದಾಗ ಕುತ್ತಿಗೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ.

ರಿಬ್ ಬಟ್ಟೆ ಆದರೆ ಕುತ್ತಿಗೆಯ ಸುತ್ತಳತೆಯ ನೂರಕ್ಕೆ 85 ಭಾಗ, ಟೀ ಶರ್ಟ್ ಬಟ್ಟೆಯದೇ ಪಟ್ಟಿ ಆದರೆ 90. ಕುತ್ತಿಗೆ ಸುತ್ತ 20 ಇಂಚು ಇದ್ದರೆ ರಿಬ್ 17 ಇಂಚು, ಕೂಡಿಸುವ ಹೊಲಿಗೆಗೆ ಇನ್ನರ್ಧ. ಅಗಲ 2 ಇಂಚು ಕತ್ತರಿಸಿ ಮಡಿಸಿದರೆ ಮುಗಿದ ಮೇಲೆ ಮುಕ್ಕಾಲು ಇಂಚು ಕಾಣುತ್ತದೆ. ತುಂಬಾ ಅಗಲದ ಕುತ್ತಿಗೆಗೆ ಪಟ್ಟಿಯನ್ನೂ ಅಗಲ ಮಾಡಿ, ಅಷ್ಟು ಜಾಗ ತುಂಬುತ್ತದೆ. ಪಟ್ಟಿಯನ್ನು ಬಟ್ಟೆ ಜಾಸ್ತಿ ಹಿಗ್ಗುವ ದಿಕ್ಕಿನಲ್ಲೇ ಕತ್ತರಿಸಿ. ಈ ಒಂದು ವಿಷಯ ತಪ್ಪಿದರೆ ತಲೆ ಒಳಗೆ ಹೋಗುವುದಿಲ್ಲ.

ಪಟ್ಟಿಯ ಎರಡು ತುದಿ ಕೂಡಿಸಿ ಬಳೆಯಂತೆ ಮಾಡಿ. ಕುತ್ತಿಗೆಯನ್ನೂ ಪಟ್ಟಿಯನ್ನೂ ನಾಲ್ಕು ಸಮ ಭಾಗ ಮಾಡಿ ಪಿನ್ನು ಹಾಕಿ, ಪಟ್ಟಿಯ ಜೋಡಣೆ ಹಿಂಭಾಗಕ್ಕೆ ಬರಲಿ. ಪಟ್ಟಿಯನ್ನು ಮಾತ್ರ ಹಿಗ್ಗಿಸಿ ಹೊಲಿಯಿರಿ, ಶರ್ಟನ್ನಲ್ಲ.

ಟೀ ಶರ್ಟ್ ಬಿಗಿಯಾಗಿದೆ. ದೊಡ್ಡದು ಮಾಡಬಹುದಾ?

ಪಕ್ಕದಲ್ಲಿ ಪಟ್ಟಿ ಸೇರಿಸಬಹುದು. ಪಕ್ಕದ ಹೊಲಿಗೆಯನ್ನು ತೋಳಿನ ಬಾಯಿಯಿಂದ ಕೆಳಗಿನವರೆಗೆ ಕತ್ತರಿಸಿ ತೆರೆಯಿರಿ. ಇನ್ನೊಂದು ಹಳೆಯ ಶರ್ಟಿನಿಂದ 3 ಇಂಚು ಅಗಲದ ಪಟ್ಟಿ ಎರಡು ತೆಗೆಯಿರಿ. ಎರಡೂ ಅಂಚಿಗೆ ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ 2 ಇಂಚು ಉಳಿಯುತ್ತದೆ. ಎರಡೂ ಪಕ್ಕ ಸೇರಿದರೆ 4 ಇಂಚು. ತೆರೆದಾಗ ಶರ್ಟಿನ ಹಳೆಯ ಹೊಲಿಗೆಯಲ್ಲಿ ಕಳೆಯುವುದನ್ನು ಇದರಲ್ಲಿ ಕಳೆದುಕೊಳ್ಳಿ. ಪಟ್ಟಿಯ ಬಟ್ಟೆ ಅದೇ ದಪ್ಪದ್ದಿರಲಿ. ಮಾಮೂಲಿ ಹತ್ತಿ ಟೀ ಶರ್ಟ್ 160ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ) ಇರುತ್ತದೆ. ತೆಳುವಾದದ್ದನ್ನು ದಪ್ಪದ್ದಕ್ಕೆ ಸೇರಿಸಿದರೆ ಪಟ್ಟಿ ಜೋತು ಬೀಳುತ್ತದೆ. ಬೇರೆ ಬಣ್ಣವಾದರೂ ಪರವಾಗಿಲ್ಲ, ಆದರೆ ಕೆಂಪು ಬಟ್ಟೆಯನ್ನು ಬಿಳಿಗೆ ಸೇರಿಸುವ ಮುಂಚೆ ಒದ್ದೆ ಮಾಡಿ ಬಣ್ಣ ಬಿಡುತ್ತದಾ ನೋಡಿ.

ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆ ಮೇಲೆ ಬರುತ್ತದೆ.

ಇದಕ್ಕೆ ಮದ್ದಿಲ್ಲ. ನೂಲಿನ ತಿರುಪು ಒಗೆದಾಗ ಬಿಚ್ಚಿಕೊಳ್ಳಲು ನೋಡುತ್ತದೆ, ಅದರ ಜೊತೆ ಹೆಣಿಗೆಯ ಸಾಲುಗಳೇ ಓರೆಯಾಗುತ್ತವೆ. ಹೊಲಿಗೆ ಬಿಚ್ಚಿ ನೇರ ಮಾಡಿದರೂ ಬಟ್ಟೆ ಓರೆಯೇ. ಅಗ್ಗದ ಟೀ ಶರ್ಟಿನಲ್ಲಿ ಜಾಸ್ತಿ. ಮನೆಗೆ ಹಾಕಿಕೊಳ್ಳಿ.

ಓಟದಲ್ಲಿ ಕೊಟ್ಟ ಪಾಲಿಯೆಸ್ಟರ್ ಜರ್ಸಿಗೆ ಇದೇ ವಿಧಾನವಾ?

ಇದೇ. ಆದರೆ ಜಾರುತ್ತದೆ, ಪಿನ್ನು ಹತ್ತಿರ ಹತ್ತಿರ ಹಾಕಿ. ಸೂಜಿ ಹೊಸದಿರಲಿ, ಬಾಲ್ ಪಾಯಿಂಟ್ 11. ಇಸ್ತ್ರಿ ಕಡಿಮೆ ಬಿಸಿಯಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ. ಬಿಸಿ ಜಾಸ್ತಿಯಾದರೆ ಹೊಳೆಯುವ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಎದೆಯ ಮೇಲಿನ ಪ್ರಿಂಟ್ ಮೇಲೆ ಯಾವ ಬಟ್ಟೆಯಾದರೂ ನೇರ ಇಸ್ತ್ರಿ ಇಡಬೇಡಿ, ಸೂಜಿಯನ್ನೂ ಓಡಿಸಬೇಡಿ. ಪ್ರಿಂಟಿನಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ.

ಸ್ಕೂಲಿನ ಸ್ಪೋರ್ಟ್ಸ್ ಡೇ ಟೀ ಶರ್ಟ್ ಮಗುವಿಗೆ ದೊಡ್ಡದು. ಮುಂದಿನ ವರ್ಷಕ್ಕೂ ಆಗಬೇಕು.

ಕತ್ತರಿಸಬೇಡಿ. ಪಕ್ಕದಲ್ಲಿ ಉದ್ದನೆ ಹೊಲಿಗೆ ಹಾಕಿ ಬಟ್ಟೆಯನ್ನು ಒಳಗೇ ಬಿಡಿ. ಉದ್ದ ಜಾಸ್ತಿ ಇದ್ದರೆ ಅಂಚನ್ನು ಒಳಗೆ ಮಡಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಮುಂದಿನ ವರ್ಷ ಬಿಚ್ಚಿದಾಗ ಮಡಿಕೆ ಇದ್ದ ಕಡೆ ಬಣ್ಣ ಸ್ವಲ್ಪ ಗಾಢವಾಗಿ ಕಾಣುತ್ತದೆ. ಒಂದೇ ವರ್ಷ ಆದರೆ ಅಷ್ಟೇನೂ ಗೊತ್ತಾಗುವುದಿಲ್ಲ.

ಕಾಲರ್ ಇರುವ ಟೀ ಶರ್ಟ್?

ಪಕ್ಕ ಹಿಡಿಯಿರಿ, ಕುತ್ತಿಗೆಯ ತಂಟೆಗೆ ಹೋಗಬೇಡಿ. ಗುಂಡಿ ಪಟ್ಟಿ, ಕಾಲರ್ ಬಿಚ್ಚಿದರೆ ಮತ್ತೆ ಕೂರಿಸುವುದು ದೊಡ್ಡ ಕೆಲಸ. ಅದನ್ನು ಒಪ್ಪುವ ಟೈಲರ್ ಸಿಕ್ಕರೆ ಕೊಡಿ. ಕೆಳಗೆ ಪಕ್ಕದಲ್ಲಿ ಸೀಳು ಇದ್ದರೆ ಹೊಲಿಗೆಯನ್ನು ಸೀಳಿನ ಮೇಲೆಯೇ ಹಳೆಯ ಹೊಲಿಗೆಗೆ ತಂದು ಸೇರಿಸಿ. ಸೀಳನ್ನು ಮುಚ್ಚಬೇಡಿ.

ಸೂಜಿ, ದಾರ, ರಿಬ್ ಎಲ್ಲಿ ಸಿಗುತ್ತೆ?

ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆ ಸುತ್ತಮುತ್ತ, ಸಂತೇಪೇಟೆ, ಅಶೋಕ ರಸ್ತೆ ಕಡೆ ಟೈಲರಿಂಗ್ ಸಾಮಾನಿನ ಅಂಗಡಿಗಳನ್ನು ವಿಚಾರಿಸಿ. ಮಂಡ್ಯದಲ್ಲಿ ಪೇಟೆ ಬೀದಿ. ದಾರಕ್ಕೆ ಹೋಗುವಾಗ ಶರ್ಟಿನ ಚೂರು ತೆಗೆದುಕೊಂಡು ಹೋಗಿ, ಅಂಗಡಿ ಟ್ಯೂಬ್‌ಲೈಟಿನಲ್ಲಿ ಬೇಡ, ಬಾಗಿಲಿಗೆ ಬಂದು ಬಿಸಿಲಲ್ಲಿ ಬಣ್ಣ ಹೊಂದಿಸಿ. ಬಾಲ್ ಪಾಯಿಂಟ್ ಸೂಜಿ ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. "ಟೀ ಶರ್ಟ್ ಹೊಲಿಯೋ ಸೂಜಿ, ಹನ್ನೊಂದು ನಂಬರ್" ಅಂತ ಕೇಳಿದರೆ ಬೇಗ ಅರ್ಥವಾಗುತ್ತದೆ. ರಿಬ್ ಸಿಗದಿದ್ದರೆ ಹಳೆಯ ಶರ್ಟಿನ ಕೆಳಭಾಗದಿಂದಲೇ ಪಟ್ಟಿ ತೆಗೆಯಿರಿ.

ತಪ್ಪಾಗಿ ಹೊಲಿದುಬಿಟ್ಟೆ. ಬಟ್ಟೆ ಹರಿಯದಂತೆ ಬಿಚ್ಚುವುದು ಹೇಗೆ?

ಎರಡು ಪದರ ಹಿಗ್ಗಿಸಿ ಮಧ್ಯೆ ಬ್ಲೇಡ್ ಹಾಯಿಸುವ ಅಭ್ಯಾಸ ಟೀ ಶರ್ಟಿಗೆ ನಡೆಯುವುದಿಲ್ಲ. ಒಂದು ಕುಣಿಕೆ ಕತ್ತರಿಸಿದರೂ ಅಲ್ಲಿಂದ ಕೆಳಗೆ ಏಣಿ ಬಿಟ್ಟುಕೊಂಡು ಹೋಗುತ್ತದೆ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಅಂಗಡಿಯಲ್ಲಿ ಸಿಗುತ್ತದೆ. ಅದರಿಂದ ಒಂದು ಪಕ್ಕದ ದಾರವನ್ನು ಮಾತ್ರ ನಾಲ್ಕೈದು ಹೊಲಿಗೆಗೊಂದು ಕತ್ತರಿಸುತ್ತ ಹೋಗಿ, ತಿರುವಿ ಇನ್ನೊಂದು ಪಕ್ಕದ ದಾರ ಎಳೆಯಿರಿ. ಪೂರ್ತಿ ಬರುತ್ತದೆ. ಕಂಪನಿಯ ಫ್ಲಾಟ್‌ಲಾಕ್ ಅಂಚಾದರೆ ಹೊಲಿಗೆ ಮುಗಿದ ತುದಿ ಹುಡುಕಿ, ಒಳಗಿನ ದಾರವನ್ನು ಬಿಡಿಸಿ ಎಳೆಯಿರಿ. ಸರಿಯಾದ ತುದಿ ಸಿಕ್ಕರೆ ಸರ್ರನೆ ಬಿಚ್ಚಿಕೊಂಡು ಬರುತ್ತದೆ, ಸಿಗದಿದ್ದರೆ ಒಂದು ಇಂಚೂ ಅಲ್ಲಾಡುವುದಿಲ್ಲ. ಆಗ ಇನ್ನೊಂದು ತುದಿಯಿಂದ ನೋಡಿ. ಬಿಚ್ಚಿದ ಮೇಲೆ ಉಳಿಯುವ ಸೂಜಿ ಗುರುತು ಒಂದು ಸಲ ಒಗೆದರೆ ಹತ್ತಿಯಲ್ಲಿ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಅದಾದ ಮೇಲೆ ಮತ್ತೆ ಗುರುತು ಹಾಕಿ.